ಕಟ್ಟಿದ ರೆಕ್ಕೆ, ಕೊಂಡ ರೆಕ್ಕೆ

ಊರು ಬಿಟ್ಟು ಹೋಗಿ ನೆಲೆ ಕಂಡುಕೊಂಡ ಹಳೆಯ ವಿದ್ಯಾರ್ಥಿಗಳು ಆಗಾಗ ನನ್ನನ್ನು ಕೇಳುವುದುಂಟು: "ಸಾರ್, ನಮ್ಮ ಶಾಲೆಗೆ ಏನಾದರೂ ಕೊಡಬೇಕೆಂದಿದ್ದೇವೆ. ರೋಬೋಟ್ ಕಿಟ್ ಕೊಡಿಸೋಣವೇ, ಡ್ರೋನ್ ಕೊಡಿಸೋಣವೇ?" ಅವರ ಸದ್ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೂ ನನ್ನ ಉತ್ತರ ಒಂದೇ. ಸಿದ್ಧವಾದದ್ದೇನನ್ನೂ ಕೊಡಿಸಬೇಡಿ. ಒಂದಷ್ಟು ತೆಳು ಮರ, ಪ್ಲೈವುಡ್, ಅಂಟು, ನಾಲ್ಕು ಗರಗಸ, ಎರಡು ಕೀಸುಳಿ, ಗೋಡೆಯುದ್ದದ ಒಂದು ಸಮತಟ್ಟಾದ ಮೇಜು, ಇಷ್ಟನ್ನು ಕೊಡಿಸಿ. ಎಂಟನೆಯ ತರಗತಿಯ ಹನ್ನೆರಡು ಮಕ್ಕಳಿಗೆ ಎರಡು ವರ್ಷದ ಸಂಜೆಗಳನ್ನು ಬಿಡಿಸಿಕೊಡಿ. ಅವರು ನಾಲ್ಕು ಮೀಟರಿಗೂ ಹೆಚ್ಚು ಅಗಲದ ಒಂದು ಮಾದರಿ ಗ್ಲೈಡರನ್ನು ಮೊದಲ ಗೆರೆಯಿಂದ ಕೊನೆಯ ಹೊದಿಕೆಯವರೆಗೆ ತಾವೇ ಕಟ್ಟಲಿ.

ಇದು ಮುದುಕನ ಹಟದಂತೆ ಕಂಡೀತು. ಆದ್ದರಿಂದ ಕಾರಣಗಳನ್ನು ಕ್ರಮವಾಗಿ ಹೇಳುತ್ತೇನೆ. ಮಾತು ಅನುಭವದಿಂದ ಬಂದದ್ದು. 2022ರ ಜೂನ್‌ನಿಂದ 2024ರ ಫೆಬ್ರವರಿಯವರೆಗೆ ನಮ್ಮೂರಿನ ಶಾಲೆಯೊಂದರ ಹಿಂಬದಿಯ ಷೆಡ್ಡಿನಲ್ಲಿ ಇಂಥದೊಂದು ಗ್ಲೈಡರು ಹುಟ್ಟಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ನಾವು ಆರಿಸಿಕೊಂಡದ್ದು ‘ರೋಹಿಣಿ’ಯನ್ನು. ಇಂದಿನ ಮಕ್ಕಳಿಗೆ ಆ ಹೆಸರು ಆಕಾಶದ ನಕ್ಷತ್ರವೊಂದರದು ಮಾತ್ರ. ಎನ್.ಸಿ.ಸಿ.ಯ ವಾಯುದಳದಲ್ಲಿದ್ದ ಹಿರಿಯರಿಗಾದರೋ ಅದು ಗಾಳಿಯಲ್ಲಿ ಕುಳಿತ ಮೊದಲ ಪೀಠ. ಭಾರತ ಸರ್ಕಾರದ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರದಲ್ಲಿ ಎಸ್. ರಾಮಾಮೃತಂ ಅವರು ರೂಪಿಸಿದ, 1961ರಲ್ಲಿ ಮೊದಲು ಹಾರಿದ, ಮರದ ತರಬೇತಿ ಗ್ಲೈಡರು ಅದು. ಗುರು ಶಿಷ್ಯರಿಬ್ಬರೂ ಅಕ್ಕಪಕ್ಕದಲ್ಲಿ ಕುಳಿತು ಹಾರುವಂಥದು. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು ಹದಿನಾರೂವರೆ ಮೀಟರ್. ಅಕ್ಕಪಕ್ಕದ ಆಸನವೆಂಬ ಆ ಒಂದೇ ಕಾರಣಕ್ಕೂ ಶಾಲೆಯೊಂದು ಅದನ್ನು ಆರಿಸಿಕೊಳ್ಳಬಹುದು ಎಂಬುದು ನನ್ನ ಅಭಿಮತ. ನಮ್ಮ ನಾಡಿಗೂ ಗ್ಲೈಡರಿಗೂ ಹಳೆಯ ನಂಟಿದೆ. 1940ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರು ಯುದ್ಧಕಾಲದಲ್ಲೇ ಹತ್ತು ಆಸನಗಳ ಗ್ಲೈಡರೊಂದನ್ನು ವಿನ್ಯಾಸಗೊಳಿಸಿದ್ದರು. ಅವರ ಪ್ರಸಿದ್ಧ ಎಚ್.ಟಿ.-2 ತರಬೇತಿ ವಿಮಾನ ಹಾರಿದ್ದು ಆ ಮೇಲೆ, 1951ರಲ್ಲಿ. ಅಂದರೆ ಇಂಜಿನ್ನಿಗಿಂತ ಮೊದಲು ರೆಕ್ಕೆ. ವಿಮಾನದ ಚರಿತ್ರೆಯೂ ಅದೇ ಕ್ರಮದಲ್ಲಿ ನಡೆದಿದೆ. 1804ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ಹಾರಿಸಿದ್ದು ಕೈಯಿಂದ ಎಸೆಯುವ ಮಾದರಿ ಗ್ಲೈಡರನ್ನು. ರೈಟ್ ಸಹೋದರರು 1900, 1901, 1902ರಲ್ಲಿ ಮೂರು ಗ್ಲೈಡರುಗಳನ್ನು ಕಟ್ಟಿ, ನಿಯಂತ್ರಣವನ್ನು ಅರಿತ ಬಳಿಕವಷ್ಟೇ 1903ರಲ್ಲಿ ಇಂಜಿನ್ ಕೂರಿಸಿದರು.

ಇನ್ನು ಮೊದಲನೆಯ ಕಾರಣಕ್ಕೆ ಬರೋಣ. ಗಣಿತ.

ನಾಲ್ಕನೆಯ ಒಂದರ ಅಳತೆಯಲ್ಲಿ ಮಾದರಿ ಕಟ್ಟುವುದೆಂದರೆ ಎಲ್ಲವನ್ನೂ ನಾಲ್ಕರಿಂದ ಭಾಗಿಸುವುದು ಎಂದು ಮಕ್ಕಳು ತಿಳಿಯುತ್ತಾರೆ. ಉದ್ದದ ಮಟ್ಟಿಗೆ ಅದು ಸರಿ. ಹದಿನಾರೂವರೆ ಮೀಟರಿನ ರೆಕ್ಕೆ ನಾಲ್ಕು ಮೀಟರಿಗೆ ತುಸು ಮೇಲಾಗುತ್ತದೆ. ಆದರೆ ರೆಕ್ಕೆಯ ವಿಸ್ತೀರ್ಣ ಹದಿನಾರನೆಯ ಒಂದಕ್ಕೆ ಇಳಿಯುತ್ತದೆ. ತೂಕವೋ ಅರವತ್ತನಾಲ್ಕನೆಯ ಒಂದಕ್ಕೆ. ಇಬ್ಬರನ್ನು ಹೊತ್ತಾಗ ಸುಮಾರು ಐನೂರು ಕಿಲೋ ತೂಗುವ ರೋಹಿಣಿಯ ಮಾದರಿ ಎಂಟು ಕಿಲೋದ ಆಸುಪಾಸಿನಲ್ಲಿರಬೇಕು. ನಮ್ಮದು ಏಳೂವರೆ ತೂಗಿತು. ಹೀಗೆ ವಿಸ್ತೀರ್ಣಕ್ಕಿಂತ ತೂಕ ವೇಗವಾಗಿ ಇಳಿಯುವುದರಿಂದ, ರೆಕ್ಕೆಯ ಪ್ರತಿ ಚದರ ಮೀಟರು ಹೊರುವ ಭಾರ ದೊಡ್ಡ ವಿಮಾನದ ಕಾಲುಭಾಗವಾಗುತ್ತದೆ. ಎತ್ತುವ ಬಲವು ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಮಾದರಿಯು ಅರ್ಧ ವೇಗದಲ್ಲಿ ಹಾರಿದರೆ ಸಾಕು. ವರ್ಗ, ಘನ, ವರ್ಗಮೂಲ ಎಂದು ನಾನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದದ್ದೆಲ್ಲ ಇಲ್ಲಿ ಒಂದು ತಕ್ಕಡಿಯ ಮೇಲೆ ಬಂದು ಕೂರುತ್ತದೆ. ತೂಕ ಹೆಚ್ಚಾಯಿತೆಂದು ಗೊತ್ತಾದ ದಿನ ಯಾವ ಮಗುವೂ "ಇದು ಪರೀಕ್ಷೆಗೆ ಬರುತ್ತದೆಯೇ?" ಎಂದು ಕೇಳುವುದಿಲ್ಲ.

ಹಾಗಿದ್ದರೆ ಚಿಕ್ಕದನ್ನೇ ಏಕೆ ಕಟ್ಟಬಾರದು? ಅಗ್ಗವಲ್ಲವೇ? ಗಾಳಿ ಇದಕ್ಕೆ ಒಪ್ಪುವುದಿಲ್ಲ. ರೆಕ್ಕೆಯ ಅಗಲ ಕಾಲುಭಾಗವಾಗಿ ವೇಗ ಅರ್ಧವಾದರೆ ರೆನಾಲ್ಡ್ಸ್ ಸಂಖ್ಯೆ ಎಂಟನೆಯ ಒಂದಕ್ಕೆ ಬೀಳುತ್ತದೆ. ಸಾಮಾನ್ಯ ಮಾತಿನಲ್ಲಿ ಹೇಳುವುದಾದರೆ, ರೆಕ್ಕೆ ಚಿಕ್ಕದಾದಷ್ಟೂ ಅದಕ್ಕೆ ಗಾಳಿ ಹೆಚ್ಚು ಹೆಚ್ಚು ಪಾಕದಂತಾಗುತ್ತದೆ; ಮೇಲ್ಮೈಯನ್ನು ನಯವಾಗಿ ಅನುಸರಿಸದೆ ಬೇಗ ಕಿತ್ತುಕೊಳ್ಳುತ್ತದೆ. ಅಂಗೈಯಗಲದ ರೆಕ್ಕೆಗಳು ಹಾರುವುದು ಹಾರುತ್ತವೆ, ತೇಲುವುದಿಲ್ಲ. ದೊಡ್ಡ ಮಾದರಿಯು ಮೂಲದ ಗಾಂಭೀರ್ಯವನ್ನು ಉಳಿಸಿಕೊಳ್ಳುತ್ತದೆ. ಇನ್ನೊಂದು ಕಾರಣವೂ ಉಂಟು. ದೊಡ್ಡ ರೆಕ್ಕೆಯನ್ನು ಒಬ್ಬನೇ ಕಟ್ಟಲಾರ. ಅದರ ಒಂದು ತುದಿಯನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕೇ ಬೇಕು.

ಎರಡನೆಯ ಕಾರಣ, ಮರ. ರೆಕ್ಕೆಯ ಬೆನ್ನೆಲುಬು ಸ್ಪಾರ್ ಎಂಬ ತೊಲೆ. ಅದು ಒಂದೇ ದಪ್ಪ ಪಟ್ಟಿಯಲ್ಲ. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ನಡುವೆ ಅವೆರಡನ್ನೂ ಬಂಧಿಸುವ ತೆಳು ಹಲಗೆ. ಹಾರುವಾಗ ಗಾಳಿ ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಗ್ಗಿಸುತ್ತದೆ. ಆಗ ಮೇಲಿನ ಪಟ್ಟಿ ಅದುಮಿಸಿಕೊಳ್ಳುತ್ತದೆ, ಕೆಳಗಿನದು ಎಳೆಯಿಸಿಕೊಳ್ಳುತ್ತದೆ. ಮರವು ಎಳೆತವನ್ನು ತಾಳಿದಷ್ಟು ಅದುಮನ್ನು ತಾಳದು. ಆದಕಾರಣ ಮೇಲಿನ ಪಟ್ಟಿಗೆ ಹೆಚ್ಚು ಮರ ಸಲ್ಲಬೇಕು. ಬಾಗುವ ಬಲ ಬುಡದಲ್ಲಿ ಅತ್ಯಧಿಕ, ತುದಿಯಲ್ಲಿ ಶೂನ್ಯ. ಆದ್ದರಿಂದ ಪಟ್ಟಿಯು ತುದಿಯತ್ತ ತೆಳುವಾಗುತ್ತ ಹೋಗಬೇಕು. ನಡುವಿನ ಹಲಗೆಯ ಎಳೆಗಳು ಮಾತ್ರ ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ಈ ನಾಲ್ಕು ಮಾತುಗಳಲ್ಲಿ ರಚನಾ ಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ. ತಾನೇ ಎಳೆ ಕೂಡದ ಪಟ್ಟಿಯೊಂದನ್ನು ಮೊಣಕಾಲಿಗೆ ಕೊಟ್ಟು ಮುರಿದು ನೋಡಿದ ಹುಡುಗಿಗೆ ಆ ಅಧ್ಯಾಯವನ್ನು ಮತ್ತೆ ಓದಿಸಬೇಕಾಗಿಲ್ಲ.

ಬಾಲ್ಸಾ ದಕ್ಷಿಣ ಅಮೆರಿಕದ ಮರ, ದುಬಾರಿ. ಸಾಗುವಾನಿಯ ಕಾಲುಭಾಗದಷ್ಟೇ ಭಾರದ್ದು. ಅದನ್ನು ರೆಕ್ಕೆಯ ಮುಂದಂಚಿನ ಹೊದಿಕೆಗೂ ಬಾಲಕ್ಕೂ ಮಾತ್ರ ಮೀಸಲಿಟ್ಟೆವು. ಪಕ್ಕೆಲುಬುಗಳಿಗೆ ತೆಳು ಪ್ಲೈವುಡ್. ಸ್ಪಾರಿಗೆ ಪ್ಯಾಕಿಂಗ್ ಪೆಟ್ಟಿಗೆಯ ಪೈನ್. ನೂರು ಹಲಗೆ ತಿರುವಿ, ಗಂಟಿಲ್ಲದ, ಎಳೆ ನೇರವಾದ ಹತ್ತನ್ನು ಆರಿಸಿದ್ದು. ಮರವನ್ನು ಆರಿಸುವುದೂ ಒಂದು ವಿದ್ಯೆ ಎಂಬುದು ಕಿಟ್ಟಿನ ಡಬ್ಬಿ ತೆರೆಯುವವರಿಗೆ ಎಂದೂ ತಿಳಿಯದು.

ಮೂರನೆಯದು ಬಾಲದ ಪಾಠ. ಇದು ನನಗೆ ಅತ್ಯಂತ ಪ್ರಿಯವಾದದ್ದು. ಗ್ಲೈಡರಿನ ಮೂಗು ಗಿಡ್ಡ, ಬಾಲ ಉದ್ದ. ಗುರುತ್ವ ಕೇಂದ್ರವು ರೆಕ್ಕೆಯ ಮುಂದಂಚಿನಿಂದ ಸುಮಾರು ಮೂರನೆಯ ಒಂದು ಭಾಗದಷ್ಟು ಹಿಂದಿರಬೇಕು. ಆ ಬಿಂದುವಿನಿಂದ ಬಾಲದ ದೂರ ಮೂಗಿನ ದೂರದ ಮೂರರಷ್ಟಿದ್ದರೆ, ಬಾಲದಲ್ಲಿ ಹತ್ತು ಗ್ರಾಂ ಅಂಟು ಹೆಚ್ಚಾದಾಗ ಮೂಗಿನಲ್ಲಿ ಮೂವತ್ತು ಗ್ರಾಂ ಸೀಸ ತುಂಬಬೇಕು. ಹತ್ತು ಗ್ರಾಮಿನ ಅಲಕ್ಷ್ಯಕ್ಕೆ ನಲವತ್ತು ಗ್ರಾಮಿನ ದಂಡ. ಸನ್ನೆಕೋಲಿನ ನಿಯಮವನ್ನು ಇದಕ್ಕಿಂತ ಖಾರವಾಗಿ ಕಲಿಸುವ ಉಪಕರಣ ನನ್ನ ಸೇವಾವಧಿಯ ಪ್ರಯೋಗಾಲಯದಲ್ಲಿ ಇರಲಿಲ್ಲ. ಬಾಲ ಕಟ್ಟುವ ತಂಡದ ಮಕ್ಕಳು ಮರಳು ಕಾಗದ ಹಿಡಿದು, ಅಕ್ಕಸಾಲಿಗರಂತೆ ಒಂದೊಂದು ಗ್ರಾಂ ತೂಗಿ ನೋಡುತ್ತಿದ್ದರು.

ಇಷ್ಟು ಪ್ರಯೋಜನಗಳು. ಇನ್ನು ಆಕ್ಷೇಪಗಳು.

ಖರ್ಚು? ರೇಡಿಯೋ, ಸರ್ವೋಗಳೆಲ್ಲ ಸೇರಿ ನಮಗೆ ತಗಲಿದ್ದು ಸುಮಾರು ನಲವತ್ತು ಸಾವಿರ ರೂಪಾಯಿ, ಎರಡು ವರ್ಷದಲ್ಲಿ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ ಇಪ್ಪತ್ತು ಲಕ್ಷದವರೆಗೆ ಅನುದಾನವುಂಟು. ಹಣವಿಲ್ಲವೆಂಬುದು ಎಲ್ಲ ಶಾಲೆಗಳ ಮಟ್ಟಿಗೆ ನಿಜವಲ್ಲ. ಬೀಗ ತೆರೆಯುವವರಿಲ್ಲ ಎಂಬುದೇ ಹಲವೆಡೆ ನಿಜ.

ಕಾನೂನು? 2021ರ ಡ್ರೋನ್ ನಿಯಮಗಳಲ್ಲಿ ಶಿಕ್ಷಣ, ಸಂಶೋಧನೆ ಅಥವಾ ಮನರಂಜನೆಗಾಗಿ ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋ ಮೀರದ ಮಾದರಿಗಳಿಗೆ ಪ್ರತ್ಯೇಕ ಸ್ಥಾನವಿದೆ. ಅವಕ್ಕೆ ವಿನ್ಯಾಸದ ಪ್ರಮಾಣಪತ್ರ ಬೇಕಿಲ್ಲ. ಆದರೆ ಹಾರಿಸುವ ಜಾಗ ಯಾವ ಬಣ್ಣದ ವಲಯದಲ್ಲಿದೆ ಎಂದು ಸರ್ಕಾರದ ನಕ್ಷೆಯಲ್ಲಿ ನೋಡಿಕೊಳ್ಳಲೇಬೇಕು. ಏಳೂವರೆ ಕಿಲೋದ ವಸ್ತು ಆಟಿಕೆಯಲ್ಲ. ಬಯಲಿನಲ್ಲಿ, ಜನರಿಂದ ದೂರ, ಅನುಭವಿಯ ಕೈಯಲ್ಲಿ ಮಾತ್ರ ಅದು ಹಾರಬೇಕು. ಈ ಎಚ್ಚರವೂ ಶಿಕ್ಷಣವೇ.

ಪರೀಕ್ಷೆ? ಎಂಟರಲ್ಲಿ ತೊಡಗಿ ಒಂಬತ್ತರಲ್ಲಿ ಮುಗಿಸಿ. ಹತ್ತನೆಯ ತರಗತಿಯನ್ನು ಪರೀಕ್ಷೆಗೆ ಬಿಟ್ಟುಕೊಡಿ. ತಂದೆತಾಯಿಗಳೊಂದಿಗೆ ಇಷ್ಟು ರಾಜಿ ಅನಿವಾರ್ಯ.

ಬಿದ್ದು ಮುರಿದರೆ? ಇಲ್ಲಿಯೇ ಕೊಂಡದ್ದಕ್ಕೂ ಕಟ್ಟಿದ್ದಕ್ಕೂ ಇರುವ ಅಂತರ ತಿಳಿಯುವುದು. ನಮ್ಮ ಬೀದಿಯ ಮನೆಯೊಂದರಲ್ಲಿ ಹುಡುಗನಿಗೆ ಸಿದ್ಧ ಮಾದರಿಯೊಂದನ್ನು ತಂದುಕೊಟ್ಟಿದ್ದರು. ಎರಡನೆಯ ಭಾನುವಾರ ಅದರ ರೆಕ್ಕೆ ಮುರಿಯಿತು. ಮೂರನೆಯ ಭಾನುವಾರ ಅದು ಅಟ್ಟ ಸೇರಿತು. ನಮ್ಮ ರೋಹಿಣಿಯ ಬಾಲವೂ ಎರಡನೆಯ ಹಾರಾಟದಲ್ಲಿ ಇಳಿಯುವಾಗ ಬದುವಿಗೆ ತಗುಲಿ ಮುರಿಯಿತು. ಆ ಮಕ್ಕಳು ಅತ್ತುಕೊಂಡು ಕೂರಲಿಲ್ಲ. ಒಳಗೆ ಏನಿದೆಯೆಂದು ಅವರಿಗೆ ಗೊತ್ತಿತ್ತು. ಹತ್ತು ದಿನದಲ್ಲಿ ಹೊಸ ಬಾಲ ಬಂತು, ಹಳೆಯದಕ್ಕಿಂತ ಆರು ಗ್ರಾಂ ಹಗುರವಾಗಿ! ಕುಣಿಯಲಾರದವಳು ನೆಲ ಡೊಂಕು ಎಂದಂತೆ ಗಾಳಿಯನ್ನು ದೂರುವುದಕ್ಕೂ ಅಲ್ಲಿ ಆಸ್ಪದವಿರಲಿಲ್ಲ. ಗಾಳಿ ಎಲ್ಲರಿಗೂ ಒಂದೇ.

ಈ ಆಕ್ಷೇಪಗಳೆಲ್ಲ ಉತ್ತರಿಸಬಹುದಾದವು. ಆದರೆ ಒಂದು ಆಕ್ಷೇಪ ನನ್ನ ನಿದ್ದೆಗೆಡಿಸಿತು. ಅದನ್ನು ಓದುಗ ಮಿತ್ರರ ಮುಂದಿಡದೆ ಈ ಲೇಖನ ಪ್ರಾಮಾಣಿಕವಾಗದು.

ಹನ್ನೆರಡು ಮಕ್ಕಳಲ್ಲಿ ಒಬ್ಬ ಬಡಗಿಯ ಮಗ. ಗಣಿತದಲ್ಲಿ ಪ್ರತಿ ಸಲವೂ ಕಡೆಯ ಸಾಲು. ಎಡರೆಕ್ಕೆಯ ಚೌಕಟ್ಟು ಮುಗಿದು, ಮುಂದಂಚಿಗೆ ಹೊದಿಕೆ ಅಂಟಿಸುವ ಮುನ್ನ, ಅವನು ರೆಕ್ಕೆಯ ಬುಡದಲ್ಲೊಂದು ತುದಿಯಲ್ಲೊಂದು ನೇರ ಕಡ್ಡಿಯನ್ನು ಅಡ್ಡಲಾಗಿಟ್ಟು, ಒಂದು ಕಣ್ಣು ಮುಚ್ಚಿ, "ತಿರುಚಿದೆ ಸಾರ್" ಎಂದ. ರೆಕ್ಕೆಯ ತುದಿಯನ್ನು ಬುಡಕ್ಕಿಂತ ಎರಡು ಡಿಗ್ರಿಯಷ್ಟು ಬೇಕೆಂದೇ ತಗ್ಗಿಸಿರುತ್ತಾರೆ. ವೇಗ ಕುಂದಿದಾಗ ಬುಡ ಮೊದಲು ಸೋತು, ತುದಿ ಕೊನೆಯವರೆಗೆ ಮಾತು ಕೇಳಲಿ ಎಂದು. ಆದರೆ ಎಡ ಬಲಗಳಲ್ಲಿ ಅದು ಸಮವಾಗಿರಬೇಕು. ಅಳೆದು ನೋಡಿದೆವು. ಬಲದಲ್ಲಿ ಎರಡು, ಎಡದಲ್ಲಿ ಮೂರೂವರೆ! ಹೊದಿಕೆ ಅಂಟಿದ ಮೇಲೆ ಆ ತಿರುಚು ರೆಕ್ಕೆಯೊಳಗೆ ಶಾಶ್ವತವಾಗಿ ಬೀಗ ಬೀಳುತ್ತಿತ್ತು. ಗ್ಲೈಡರು ಹಗ್ಗ ಬಿಟ್ಟೊಡನೆ ಎಡಕ್ಕೆ ಹೊರಳುತ್ತಿತ್ತು. ಒಂದೂವರೆ ಡಿಗ್ರಿಯನ್ನು ಬರಿಗಣ್ಣಿನಿಂದ ಹಿಡಿದ ಆ ಬುದ್ಧಿಗೆ ನಮ್ಮ ಅಂಕಪಟ್ಟಿಯಲ್ಲಿ ಕಾಲಮ್ಮೇ ಇಲ್ಲ.

ಸಂತೋಷದಿಂದ ಅವನ ತಂದೆಗೆ ಹೇಳಿದೆ. ಅವರ ಮುಖ ಅರಳಲಿಲ್ಲ. "ಮೇಷ್ಟ್ರೇ, ಅವನು ಉಳಿ ಹಿಡೀಬಾರದು ಅಂತಲೇ ನಾನು ಶಾಲೆಗೆ ಕಳಿಸ್ತಿರೋದು. ನೀವು ಅಲ್ಲೂ ಉಳಿನೇ ಕೊಟ್ರೆ ಹೆಂಗೆ?" ಎಂದರು.

ಇದಕ್ಕೆ ಸಿದ್ಧ ಉತ್ತರವಿಲ್ಲ. ಕೈಕೆಲಸದ ಶಿಕ್ಷಣವನ್ನು ಹೊಗಳುವವರಲ್ಲಿ ಬಹುಪಾಲು ಮಂದಿ ಕೈಕೆಲಸದಿಂದ ಹೊಟ್ಟೆ ಹೊರೆದವರಲ್ಲ. ನಾನೂ ಸೀಮೆಸುಣ್ಣ ಹಿಡಿದೇ ಬದುಕಿದವನು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರ ಬುನಾದಿ ಶಿಕ್ಷಣ, 1964-66ರ ಕೊಠಾರಿ ಆಯೋಗದ ಕಾರ್ಯಾನುಭವ, 1977ರ ಈಶ್ವರಭಾಯಿ ಪಟೇಲ್ ಸಮಿತಿಯ ಸಮಾಜೋಪಯೋಗಿ ಉತ್ಪಾದಕ ಕಾರ್ಯ, ಹೀಗೆ ಹೆಸರುಗಳು ಬದಲಾದವು; ಶಾಲೆಯ ಷೆಡ್ಡುಗಳು ಒಂದೊಂದಾಗಿ ಉಗ್ರಾಣಗಳಾದವು. 1953ರಲ್ಲಿ ಮದರಾಸು ರಾಜ್ಯದಲ್ಲಿ ರಾಜಾಜಿಯವರು ಅರ್ಧ ಹೊತ್ತು ಶಾಲೆ, ಇನ್ನರ್ಧ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದಾಗ, ಇದು ಕುಲಕಸುಬಿನ ಶಿಕ್ಷಣವೆಂದು ಜನ ಸಿಡಿದೆದ್ದರು. ಮರುವರ್ಷವೇ ಅದನ್ನು ಕೈಬಿಡಬೇಕಾಯಿತು. ಸಿಡಿದೆದ್ದವರ ಮಾತಿನಲ್ಲಿ ನ್ಯಾಯವಿತ್ತು. ಬಡಗಿಯ ಮಗನಿಗೆ ಉಳಿ, ಗುಮಾಸ್ತನ ಮಗನಿಗೆ ಪುಸ್ತಕ ಎಂದು ಹಂಚುವುದು ಶಿಕ್ಷಣವಲ್ಲ. ಅದು ಪಹಣಿ ಬರೆದಂತೆ.

ಆದರೆ ಅದಕ್ಕೆ ಪರಿಹಾರ ಎಲ್ಲರ ಕೈಯಿಂದಲೂ ಉಳಿಯನ್ನು ಕಿತ್ತುಕೊಳ್ಳುವುದೇ? ಎಲ್ಲರ ಕೈಗೂ ಕೊಡುವುದೇ ಪರಿಹಾರ ಎಂಬುದು ನನ್ನ ನಿಲುವು. ಗ್ಲೈಡರಿನ ಹಿರಿಮೆ ಇಲ್ಲಿದೆ. ಅದು ಯಾರ ಕುಲಕಸುಬೂ ಅಲ್ಲ. ಯಾರ ಅಜ್ಜನೂ ಅದನ್ನು ಕಟ್ಟಿದವನಲ್ಲ. ಅಲ್ಲಿ ಡಾಕ್ಟರ ಮಗಳು ಅಂಟು ಮೆತ್ತಿದ ಬೆರಳಲ್ಲಿ ಪಕ್ಕೆಲುಬು ಜೋಡಿಸಬೇಕು. ಬಡಗಿಯ ಮಗ ವರ್ಗಮೂಲ ತೆಗೆದು ವೇಗ ಹೇಳಬೇಕು. ಹೊದಿಕೆಯ ಹಾಳೆಯನ್ನು ಇಸ್ತ್ರಿ ಪೆಟ್ಟಿಗೆಯಿಂದ ಬಿಗಿಗೊಳಿಸುವುದರಲ್ಲಿ ಗಟ್ಟಿಗನಾದವನು ಮನೆಯಲ್ಲಿ ಒಂದು ದಿನವೂ ಇಸ್ತ್ರಿ ಮುಟ್ಟದ ಹುಡುಗ. ನಾನು ಆ ತಂದೆಗೆ ಹೇಳಿದ್ದೂ ಇಷ್ಟೇ: "ಅವನಿಗೊಬ್ಬನಿಗೇ ಉಳಿ ಕೊಟ್ಟಿಲ್ಲ. ಇಲ್ಲಿ ಎಲ್ಲರೂ ಹಿಡಿದಿದ್ದಾರೆ. ಅವನು ಹಿಡಿದದ್ದು ಲೆಕ್ಕಕ್ಕೆ ಬರಲಿ ಎಂದೇ ಎಲ್ಲರೂ ಹಿಡಿದದ್ದು." ಅವರು ಪೂರ್ತಿ ಒಪ್ಪಿದರೆಂದು ನಾನು ಹೇಳಲಾರೆ. ಆದರೆ ಎರಡು ರೆಕ್ಕೆಗಳನ್ನು ಒಡಲಿಗೆ ಜೋಡಿಸುವ ಉಕ್ಕಿನ ಸರಳಿಗೆ ತೂತು ಕೊರೆಯುವ ದಿನ ತಮ್ಮದೇ ಬೈರಿಗೆಯೊಂದಿಗೆ ಬಂದು, ಎಲ್ಲ ಮಕ್ಕಳಿಗೂ ಅದನ್ನು ನೇರವಾಗಿ ಹಿಡಿಯುವ ಬಗೆ ತೋರಿಸಿ ಹೋದರು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಅವಧಿಯಲ್ಲಿ ಹತ್ತು ದಿನ ಚೀಲವಿಲ್ಲದೆ ಬಂದು ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆನ್ನುತ್ತದೆ. ಆ ನೀತಿಯ ಬಗ್ಗೆ ನಮ್ಮಲ್ಲಿ ವಾದವಿವಾದಗಳು ಎಷ್ಟೇ ಇರಲಿ, ಈ ಮಾತಿನ ಆಶಯ ಒಳ್ಳೆಯದೇ. ಆದರೆ ಹತ್ತು ದಿನ ಎಂಬುದು ಪ್ರವಾಸದ ಲೆಕ್ಕ, ಕಲಿಕೆಯದಲ್ಲ. ಹತ್ತು ದಿನದಲ್ಲಿ ಬೆರಳಿಗೆ ಗಾಯವಾಗಬಹುದು, ಜಡ್ಡುಗಟ್ಟಲಾರದು. ನೋಡಿ ಮೆಚ್ಚಿ ಬರುವುದರಿಂದ ಬಡಗಿಯ ಮೇಲೆ ಕನಿಕರ ಹುಟ್ಟೀತು. ಗೌರವ ಹುಟ್ಟಬೇಕಾದರೆ ತಾನೇ ಕೊರೆದ ತೂತು ವಾರೆಯಾಗಬೇಕು.

ಹಾರಾಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹವ್ಯಾಸಿಯೊಬ್ಬರು ಬೆಂಗಳೂರಿನಿಂದ ತಮ್ಮ ಇಂಜಿನ್ ಮಾದರಿಯನ್ನು ತಂದು ರೋಹಿಣಿಯನ್ನು ಹಗ್ಗದಿಂದ ಎಳೆದೊಯ್ದರು. ಹಗ್ಗ ಕಳಚಿದ ಮೇಲೆ ಸದ್ದಿಲ್ಲ. ಕಾದ ನೆಲದಿಂದ ಏಳುವ ಬಿಸಿಗಾಳಿ ಎಲ್ಲಿದೆಯೆಂದು ಹದ್ದುಗಳು ಸುತ್ತು ಹಾಕುತ್ತ ತೋರಿಸುತ್ತಿದ್ದವು. ಅವುಗಳ ಕೆಳಗೆ ನಮ್ಮ ಗ್ಲೈಡರೂ ಸುತ್ತು ಹಾಕಿತು. ಹನ್ನೊಂದು ನಿಮಿಷ. ಮಕ್ಕಳು ಚಪ್ಪಾಳೆ ತಟ್ಟಲೂ ಮರೆತು ರೆಕ್ಕೆಯನ್ನೇ ನೋಡುತ್ತಿದ್ದರು. ಅದು ಬಾಗಿದಾಗಲೆಲ್ಲ ಒಳಗಿನ ಪಟ್ಟಿಗಳಲ್ಲಿ ಯಾವುದು ಅದುಮುತ್ತಿದೆ, ಯಾವುದು ಎಳೆಯುತ್ತಿದೆ ಎಂದು ಅವರಿಗೆ ತಿಳಿದಿತ್ತು. ಆ ದಿನ ಬಯಲಿಗೆ ಬಂದಿದ್ದ ನೂರಾರು ಜನ ವಿಮಾನವನ್ನು ಕಂಡರು. ಅದರ ಒಳಗನ್ನು ಕಂಡವರು ಆ ಹನ್ನೆರಡು ಮಂದಿ ಮಾತ್ರ.

ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ಉಗ್ರಾಣವಾಗಿರುವ ಆ ಷೆಡ್ಡಿನ ಬೀಗ ತೆಗೆಯಿರಿ. ಮೇಜು ಸಮವಾಗಿದೆಯೇ ಎಂದು ಮೊದಲು ನೋಡಿ. ಮೇಜು ಡೊಂಕಾದರೆ ರೆಕ್ಕೆಯೂ ಡೊಂಕು. ಜೂನ್‌ನಲ್ಲಿ ನಕ್ಷೆ ಬರೆಸಿ, ಮಳೆಗಾಲದಲ್ಲಿ ಅಂಟಿಸುವ ಕೆಲಸಕ್ಕೆ ಆತುರ ಬೇಡ, ಮರ ಚೆನ್ನಾಗಿ ಆರಲಿ. ಊರಿನ ಬಡಗಿಯೊಬ್ಬರನ್ನು ಕರೆಯಿರಿ; ಕೂರಲು ಮುಖ್ಯೋಪಾಧ್ಯಾಯರಿಗೆ ಹಾಕುವ ಕುರ್ಚಿಯನ್ನೇ ಹಾಕಿ. ನಮ್ಮ ರೋಹಿಣಿಯ ನಕ್ಷೆಯ ಪ್ರತಿ ಬೇಕೆಂದವರಿಗೆ ಸಂತೋಷದಿಂದ ಕೊಡುತ್ತೇನೆ. ನನ್ನದು ಒಂದೇ ಷರತ್ತು: ಅದನ್ನು ಮಕ್ಕಳೇ ಕಟ್ಟಬೇಕು, ಎಲ್ಲ ಮಕ್ಕಳೂ ಕಟ್ಟಬೇಕು.